ಕೈಯ ನೀರು

ಸಿದರಾಯನ ಮನೆಯ ನಾಯಿಗೆ ನಾಲ್ಕು ವರ್ಷಗಳಿಂದ ಬಿಡುವೇ ಇರಲಿಲ್ಲ. ಅತ್ತೆ ಸೊಸೆಗೆ ಹೇಳಬೇಕಾದದ್ದನ್ನೆಲ್ಲ ಆ ನಾಯಿಗೆ ಹೇಳುತ್ತಿದ್ದಳು. ಸೊಸೆ ಅತ್ತೆಗೆ ಕೊಡಬೇಕಾದ ಉತ್ತರವನ್ನೂ ಅದಕ್ಕೇ ಕೊಡುತ್ತಿದ್ದಳು.

"ಏ ರಾಜಾ, ಎಮ್ಮಿಗಿ ನೀರ ತೋರಿಸಿಲ್ಲಂತ ಹೇಳಲೇ ಆಕೀಗಿ," ಎಂದು ಹೊಳೆವ್ವ ಕಟ್ಟೆಯ ಮೇಲಿಂದ ಕೂಗುವಳು.

"ರಾಜಾ, ಕುಡಿಸೇ ಕಟ್ಟೀನಂತ ಹೇಳ. ಕಣ್ಣ ಕಾಣಸ್ತಿದ್ರ ಬಕೀಟ ನೋಡ ಅನ್ನು," ಎಂದು ಅನುಸೂಯಾ ಒಳಗಿನಿಂದ.

ನಾಯಿ ಇಬ್ಬರಿಗೂ ಬಾಲ ಆಡಿಸಿ ಮಲಗುತ್ತಿತ್ತು. ಪಾಪ, ಅದರದೇನು ತಪ್ಪು.

ದಿಗ್ಗೇವಾಡಿಯ ಊರ ಹೊರಗಿನ ಆ ಮನೆಗೆ ಮಾಡು ಒಂದೇ, ಒಲೆ ಎರಡು. ಒಂದರಲ್ಲಿ ಅತ್ತೆ ಹೊಳೆವ್ವ, ಕಿರಿಯ ಮಗ ಬಾಳೇಶ, ಅವನ ಹೆಂಡತಿ ಸೋನಾಲಿ. ಇನ್ನೊಂದರಲ್ಲಿ ಹಿರಿಯ ಮಗ ಮಾಳು, ಅವನ ಹೆಂಡತಿ ಅನುಸೂಯಾ. ಮಾವ ಸಿದರಾಯ ಮಾತ್ರ ಮುಂಜಾನೆ ಅಲ್ಲಿ ಉಂಡು ಸಂಜೆ ಇಲ್ಲಿ ಉಣ್ಣುತ್ತಿದ್ದ. ಎರಡೂ ಕಡೆಯ ಬೈಗುಳ ಅವನ ಪಾಲಿಗೆ ಪುಕ್ಕಟೆ.

ಇದಕ್ಕೆಲ್ಲ ಕಾರಣ ಒಂದು ಮಾತು. ಅನುಸೂಯಾಳ ಕೂಸು ಸಪನಾ ಇನ್ನೂ ಮಗ್ಗುಲು ಹೊರಳಲು ಕಲಿಯುತ್ತಿದ್ದ ಕಾಲ. ಗಂಡ ಹೆಂಡತಿ ಕುರಿ ಹಿಂಡಿನ ಜೊತೆ ಅಥಣಿ ಕಡೆಯ ಹೊಲವೊಂದರಲ್ಲಿ ಬಿಡಾರ ಹೂಡಿದ್ದರು. ಕೂಸಿಗೆ ಜ್ವರ ಬಂತು. ದವಾಖಾನೆ ಮುಟ್ಟುವುದರೊಳಗೆ ತಾಯಿಯ ಉಡಿಯಲ್ಲೇ ಹೋಗಿಬಿಟ್ಟಿತು. ಮಣ್ಣು ಮಾಡಿದ ಮರುದಿನ, ಮನೆ ತುಂಬ ಬೀಗರು ಕುಳಿತಿದ್ದಾಗ, ಹೊಳೆವ್ವ ಎದೆ ಬಡಿದುಕೊಳ್ಳುತ್ತ ಅಂದುಬಿಟ್ಟಳು: "ಇಕಿ ಕೈಯಾಗ ಏನೂ ಉಳ್ಯಾಂಗಿಲ್ಲ! ಎಂಥಾ ಕೈ ತಗೊಂಡ ಬಂದಾಳೋ ನನ್ನ ಮನಿಗಿ!"

ಅನುಸೂಯಾ ಎದ್ದವಳೇ ಬೀರದೇವರ ಜಗಲಿಗೆ ಹೋಗಿ ತಾಟಿನಿಂದ ಮುಷ್ಟಿ ತುಂಬ ಭಂಡಾರ ಎತ್ತಿದಳು. ದೇವರ ಮುಂದಿನ ಅರಿಶಿಣ ಪುಡಿ ಅದು. ಕುರಿ ಕಾಯುವ ಆ ಮನೆತನದಲ್ಲಿ ಅದನ್ನು ಹಿಡಿದು ಆಡಿದ ಮಾತಿಗೆ ಹಿಂದೆ ಮುಂದೆ ಇಲ್ಲ.

"ಇದ ಕೈ ನೋಡ್ರಿ ಅತ್ತಿ. ಈ ಕೈಯಿಂದ ನೀವು ಸಾಯೂತನಾ ಒಂದ ಹನಿ ನೀರ ಕುಡಿಯಾಂಗಿಲ್ಲ. ನಿಮ್ಮ ಕೈಯಿಂದ ನಾನೂ ಕುಡಿಯಾಂಗಿಲ್ಲ. ಬೀರಪ್ಪನ ಆಣಿ."

ಹೊಳೆವ್ವನೂ ಬಿಡಲಿಲ್ಲ. ಅದೇ ತಾಟಿಗೆ ಕೈ ಹಾಕಿ ಮುಷ್ಟಿ ಎತ್ತಿದಳು. "ಹಂಗ ಆಗ್ಲಿ!" ಎಂದಳು. ಅಲ್ಲಿಗೆ ಮುಗಿಯಿತು. ಅಂದಿನಿಂದ ಅತ್ತೆಯ ಬಾಯಲ್ಲಿ ಸೊಸೆಯ ಹೆಸರು ಬರಲಿಲ್ಲ. ಅನುಸೂಯಾ ಹೋಗಿ "ಆಕಿ" ಆದಳು, "ಮಾಳೂನ ಹೆಣ್ತಿ" ಆದಳು, ಸಿಟ್ಟು ಬಂದ ದಿನ "ಅದು" ಆದಳು.

ಅನುಸೂಯಾ ಪ್ರಾರ್ಥನೆಗೆ ಹೋಗತೊಡಗಿದ್ದು ಅದಾದ ಎರಡು ವರ್ಷಕ್ಕೆ. ಕರೆದೊಯ್ದವಳು ಓಣಿಯ ಗಂಗೂಬಾಯಿ. ಕೂಸು ಸತ್ತ ಮೇಲೆ ಸಮಾಧಾನ ಹೇಳಲು ಊರೇ ಬಂದಿತ್ತು. ಅದರ ಹೆಸರೇನಿತ್ತವ್ವ ಎಂದು ಕೇಳಿದವಳು ಗಂಗೂಬಾಯಿ ಒಬ್ಬಳೇ. ಅಷ್ಟಕ್ಕೇ ಅನುಸೂಯಾ ಅವಳ ಬೆನ್ನು ಹತ್ತಿದಳು. ಗಂಗೂಬಾಯಿಯ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ನಾಲ್ಕಾರು ಮಂದಿ ಸೇರುತ್ತಿದ್ದರು. ರಾಯಬಾಗದಿಂದ ಗಾಡಿಯ ಮೇಲೆ ಸಂದೇಶ ಪಾಸ್ಟರ್ ಬರುತ್ತಿದ್ದ. ನಿಪ್ಪಾಣಿ ಕಡೆಯವನು, ಇನ್ನೂ ಮೂವತ್ತರ ಆಸುಪಾಸು. ಯೇಸುವನ್ನು ನಂಬಿದ್ದಕ್ಕೆ ತನ್ನಪ್ಪನಿಂದ ಮನೆ ಬಿಡಿಸಿಕೊಂಡವನು. ಮಾತಿನ ನಡುವೆ ಮರಾಠಿ ನುಗ್ಗಿಬಿಡುತ್ತಿತ್ತು, ಆದರೆ ಹೇಳಿದ್ದನ್ನು ಮನಸ್ಸಿಟ್ಟು ಹೇಳುತ್ತಿದ್ದ.

ಈ ಚಳಿಗಾಲ ಅವರಲ್ಲಿ ಕೆಲವರಿಗೆ ದೀಕ್ಷಾಸ್ನಾನ ಎಂದು ಗೊತ್ತಾಗಿತ್ತು. ಕೃಷ್ಣಾ ನದಿಯ ನೀರು ಇಳಿದು ತಿಳಿಯಾದ ಮೇಲೆ ಒಂದು ರವಿವಾರ. ಅದಕ್ಕೆ ಮುಂಚೆ ಪ್ರತಿ ಗುರುವಾರ ಮಧ್ಯಾಹ್ನ ತಯಾರಿ. ಓದುವುದು, ಬಾಯಿಪಾಠ ಮಾಡುವುದು ಇದ್ದೇ ಇತ್ತು. ಆದರೆ ಸಂದೇಶ ಹೆಚ್ಚು ಕೇಳುತ್ತಿದ್ದದ್ದು ಮನೆಯ ಸುದ್ದಿಯನ್ನು.

"ಕಣ್ಣ ಮುಚ್ಚಿ ಪ್ರಾರ್ಥನಾ ಮಾಡೂದು ಸಸಾರ ಐತ್ರಿ. ಕಣ್ಣ ತೆರದ ಮ್ಯಾಲ ಹೆಂಗ ಇರ್ತೀರಿ, ಅದನ್ನ ಹೇಳ್ರಿ," ಎನ್ನುತ್ತಿದ್ದ.

ಮೊದಲ ವಾರ ಸುಳ್ಳಿನ ಮಾತು ಬಂತು. ಮರುದಿನ ಅನುಸೂಯಾ ಡೇರಿಗೆ ಒಯ್ಯುವ ಹಾಲಿಗೆ ನೀರು ಬೆರೆಸುವುದನ್ನು ಬಿಟ್ಟಳು. ಮಾಳು ಕ್ಯಾನು ಎತ್ತಿ ನೋಡಿದ.

"ಎಮ್ಮಿಗಿ ಏನರ ಆಗೇತೇನ? ಹಾಲ ಕಡಿಮಿ ಐತಿ."

"ಎಮ್ಮಿ ಛಲೋ ಐತಿ. ನೀರ ಹಾಕಿಲ್ಲ."

"ಯಾಕ? ಊರೆಲ್ಲ ಹಾಕತೈತಿ."

"ಊರ ಸುದ್ದಿ ನನಗ್ಯಾಕ."

ಮಾಳು ಅವಳ ಮುಖವನ್ನೇ ನೋಡಿದ. ಕೂಸು ಹೋದ ಮೇಲೆ ಅವನ ಮಾತು ಮೊದಲೇ ಕಡಿಮೆ. "ಏನರ ಮಾಡ್ಕೋ. ಮನಿ ಒಂದ ಒಡೀಬ್ಯಾಡ," ಎಂದು ಕಂಬಳಿ ಹೆಗಲಿಗೆ ಹಾಕಿಕೊಂಡು ಕುರಿಗಳ ಕಡೆ ಹೋದ. ಹಿಂಡು ಆಗ ಹತ್ತಿರದಲ್ಲೇ, ಕಬ್ಬು ಕಡಿದ ಹೊಲಗಳಲ್ಲಿ ಕೂಡುತ್ತಿತ್ತು.

ಸಂಜೆ ಊಟಕ್ಕೆ ಕುಳಿತಾಗ ಸಿದರಾಯನಿಗೆ ಕೆದಕುವ ಚಟ. "ಈ ವಾರ ಏನ ಕಲಿಸಿದ್ನ ನಿಮ್ಮ ಪಾಸ್ಟರ?"

"ಒಬ್ಬ ಕುರುಬನ ಕಥಿ ಮಾವಾ. ನೂರು ಕುರಿ ಇದ್ದೂವಂತ. ಒಂದ ತಪ್ಪಿಸಿಕೊಂತು. ಉಳದಿದ್ದೆಲ್ಲ ಅಡವ್ಯಾಗ ಬಿಟ್ಟ, ಅದೊಂದನ್ನ ಹುಡುಕ್ಕೊಂಡ ಹೋದಂತ."

ಸಿದರಾಯನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. "ಅಡವ್ಯಾಗ ಬಿಟ್ನ? ತೋಳ ಬಂದ್ರ?"

"ಕಥಿ ಮಾವಾ ಅದು."

"ಕಥಿ ಆದ್ರೇನ, ಕುರಿ ಕುರೀನ ಹೌದಲ್ಲ. ಹಂಗ ಬಿಟ್ಟ ಹೋಗೂದಿಲ್ಲವಾ. ಹಿಂದ ಒಬ್ಬಾಂವ ನಿಂತಿರಬೇಕು. ಅವನ ಹೆಸರ ಬರದಿಲ್ಲ, ಅಷ್ಟ."

ಅನುಸೂಯಾಗೆ ನಗು ಬಂತು. ಎಷ್ಟೋ ದಿನಕ್ಕೆ ಆ ಒಲೆಯ ಮುಂದೆ ನಗು ಕೇಳಿ, ಗೋಡೆಯಾಚೆ ಹೊಳೆವ್ವ ನಾಯಿಯನ್ನು ಗದರಿಸಿದಳು.

ಮುಂದಿನ ಗುರುವಾರದ ಪಾಠ ಮಾತ್ರ ನಗುವಂಥದ್ದಾಗಿರಲಿಲ್ಲ. ದೇವರಿಗೆ ಕಾಣಿಕೆ ಇಡಲು ಹೊರಟಾಗ, ಯಾರದೋ ಮನಸ್ಸಿನಲ್ಲಿ ನಿಮ್ಮ ಮೇಲೆ ನೋವಿದೆ ಎಂದು ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ಅವರೊಂದಿಗೆ ಕೂಡಿಕೊಳ್ಳಬೇಕು ಎಂದ ಸಂದೇಶ. "ನೀರಿಗಿ ಇಳಿಯೂಕಿಂತ ಮೊದಲ ಎಲ್ಲಾರೂ ತಮ್ಮ ತಮ್ಮ ಮನ್ಯಾಗ ಇದೊಂದ ಕೆಲಸ ಮುಗಿಸಿ ಬರ್ರಿ."

ಎಲ್ಲರೂ ಎದ್ದು ಹೋದ ಮೇಲೆ ಅನುಸೂಯಾ ಭಂಡಾರದ ಆಣೆಯ ಸಂಗತಿ ಹೇಳಿದಳು. ಸಂದೇಶನಿಗೆ ಅದು ಹಗುರ ಕಂಡಿತು.

"ಅಕ್ಕಾರ, ಅದು ಅರಿಶಿಣ ಪುಡಿ. ಅದರಾಗ ಏನೈತ್ರಿ? ನೀವು ಈಗ ಬಿಡುಗಡಿ ಆದವರು. ಒಂದ ತಂಬಿಗಿ ನೀರ ಒಯ್ದ ಪ್ರೀತಿಲೆ ಕೊಡ್ರಿ. ಮುಗೀತು."

ಮುಗಿಯಿತೇ! ಅದೇ ಸಂಜೆ ಅನುಸೂಯಾ ತಂಬಿಗೆ ಬೆಳಗಿ, ನೀರು ತುಂಬಿಕೊಂಡು ಗೋಡೆಯಾಚೆ ಹೋದಳು. ಹೊಳೆವ್ವ ಒಲೆಯ ಮುಂದೆ ಜೋಳದ ಹಿಟ್ಟು ನಾದುತ್ತಿದ್ದಳು. ಪಕ್ಕದಲ್ಲಿ ತುಂಬು ಬಸುರಿ ಸೋನಾಲಿ ಕಾಲು ಚಾಚಿ ಕುಳಿತಿದ್ದಳು.

"ಅತ್ತಿ, ನನ್ನ ಕಡಿಂದ ತಪ್ಪಾಗೇತಿ. ನಾ ಸಿಟ್ಟಿನಾಗ ಭಂಡಾರ ಎತ್ತಿದ್ದೆ. ಮಾಫ ಮಾಡ್ರಿ. ಇದ ನೀರ ತಗೋರಿ."

ಹೊಳೆವ್ವ ನಾಯಿಗಾಗಿ ಆಚೀಚೆ ನೋಡಿದಳು. ನಾಯಿ ಇರಲಿಲ್ಲ. ಕೊನೆಗೆ ಸೋನಾಲಿಯ ಕಡೆ ತಿರುಗಿದಳು. "ಬೀರಪ್ಪನ ಮುಂದ ಆಡಿದ ಮಾತು ಒಂದ ತಂಬಿಗಿ ನೀರಿಗಿ ಹೋಗತೈತೇನಂತ ಕೇಳ ಆಕೀಗಿ."

"ಅತ್ತಿ, ಅದು ಅರಿಶಿಣ ಪುಡೀರಿ. ಅದರಾಗ ಏನಿಲ್ಲ."

ಅಂದ ಮೇಲೆ ಅನುಸೂಯಾಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಹೊಳೆವ್ವ ಹಿಟ್ಟಿನ ಕೈಯನ್ನೇ ಎತ್ತಿ, ನಾಲ್ಕು ವರ್ಷದಲ್ಲಿ ಮೊದಲ ಸಲ ನೇರ ಅವಳ ಮುಖ ನೋಡಿ ಮಾತಾಡಿದಳು.

"ನಿನಗ ಅದು ಪುಡಿ. ನೀ ಬ್ಯಾರೆ ದೇವರ ಹಿಡದಿ, ನಿನ್ನ ಗಂಟು ಬಿಚ್ಚಿ ಹೋತು. ನನ್ನ ದೇವರ ನನ್ನ ಮನ್ಯಾಗ ಅದಾನ. ನೀ ಕಟ್ಟಿದ ಗಂಟಿನಾಗ ನಾ ಹಂಗ ಅದೀನಿ. ತಗೊಂಡ ನಡಿ ನಿನ್ನ ನೀರ."

ಅನುಸೂಯಾ ತಂಬಿಗೆ ಹಿಡಿದುಕೊಂಡು ಹೊರಬಂದು, ನೀರನ್ನು ಬಾಗಿಲ ತುಳಸಿಗೆ ಸುರಿದಳು.

ಅದಾಗಿ ಸ್ವಲ್ಪ ದಿನಕ್ಕೆ ಸೋನಾಲಿ ಹೆರಿಗೆಗೆಂದು ಮುಗಳಖೋಡದ ತವರಿಗೆ ಹೋದಳು. ಬಾಳೇಶನಿಗೆ ಸಕ್ಕರೆ ಕಾರಖಾನೆಯಲ್ಲಿ ಹಂಗಾಮಿನ ಕೆಲಸ, ಮನೆಗೆ ಬಂದರೆ ಮಲಗುವುದಷ್ಟೇ. ಹೊಳೆವ್ವ ಒಬ್ಬಳೇ ಒಲೆ ನಡೆಸಿದಳು. ಒಂದು ಮುಂಜಾನೆ ಮರಿಗಳ ದೊಡ್ಡಿ ಬಳಿಯುವಾಗ ಕಾಲು ಜಾರಿ ಬಿದ್ದಳು. ಹಿಮ್ಮಡಿಯ ಮೇಲೆ ಎಲುಬು ಮುರಿದಿತ್ತು. ರಾಯಬಾಗಕ್ಕೆ ಒಯ್ದು ಮೊಣಕಾಲತನಕ ಪ್ಲಾಸ್ಟರ್ ಹಾಕಿಸಿ ಕರೆತಂದರು. ಕಾಲು ನೆಲಕ್ಕೆ ಊರಕೂಡದು ಎಂದಿದ್ದರು ಡಾಕ್ಟರು.

ಈಗ ಉಣ್ಣಿಸುವವರು ಯಾರು? ಅನುಸೂಯಾ ಮಾಡಿಟ್ಟದ್ದನ್ನು ಸಿದರಾಯ ತನ್ನ ಕೈಯಾರೆ ಒಯ್ದು ಕೊಟ್ಟ. ಹೊಳೆವ್ವ ರೊಟ್ಟಿಯ ಅಂಚು ನೋಡಿಯೇ ತಾಟು ಸರಿಸಿದಳು.

"ಇದು ನಿನ್ನ ಕೈ ರೊಟ್ಟಿ ಅಲ್ಲ."

"ನನ್ನ ಕೈಲೇ ಕೊಡಾಕತ್ತೀನಲ್ಲ ನಿನಗ!"

"ನೀರ ಹಾಕಿ ನಾದಿ ಬಡದಾವ್ರ ಯಾರು? ನನಗ ಹೇಳಬ್ಯಾಡ, ನಾಲ್ಕ ವರ್ಷ ಗ್ವಾಡಿ ಆಚಿಂದ ಆ ರೊಟ್ಟಿ ಬಡಿಯೂ ಸಪ್ಪಳ ಕೇಳೀನಿ."

ಕೊನೆಗೆ ಮುದುಕ ತಾನೇ ರೊಟ್ಟಿಗೆ ಕುಳಿತ. ಅವನ ಕೈಯಲ್ಲಿ ಅದು ಒಂದು ಕಡೆ ದಪ್ಪ, ಒಂದು ಕಡೆ ತೂತು. ಹೊಳೆವ್ವ ಅದನ್ನೇ ಖಾರ ಹಚ್ಚಿಕೊಂಡು ತಿಂದಳು. ಅನುಸೂಯಾ ಗೋಡೆಯ ಈಚೆ ಸೊಪ್ಪಿನ ಪಲ್ಯ ಮಾಡಿ, ಬಿಸಿ ರೊಟ್ಟಿ ಮುಂದಿಟ್ಟುಕೊಂಡು, ಆ ಕಡೆ ಮುದುಕಿ ಅಗಿಯುವ ಸಪ್ಪಳ ಕೇಳುತ್ತ ಕೂತಳು.

ಆ ವಾರವೇ ಒಂದು ಮಧ್ಯಾಹ್ನ ಹೊಳೆವ್ವನಿಗೆ ಜ್ವರ ಏರಿತು. ಗಂಡಸರು ಯಾರೂ ಇರಲಿಲ್ಲ. ಮಾಳು ಹಿಂಡಿನಲ್ಲಿ, ಬಾಳೇಶ ಕಾರಖಾನೆಯಲ್ಲಿ, ಸಿದರಾಯ ಎಮ್ಮೆಗೆ ಮೇವು ತರಲು ಹೋಗಿದ್ದ. ಮುದುಕಿಯ ಕೈಗೆಟುಕುವಂತೆ ಇಟ್ಟಿದ್ದ ಚರಿಗೆ ಖಾಲಿಯಾಗಿತ್ತು.

"ನೀರು... ಯಾರ ಅದೀರಿ... ನೀರು..."

ಅನುಸೂಯಾ ಓಡಿ ಬಂದಳು. ಕೊಡ ತುಂಬಿತ್ತು. ತಂಬಿಗೆ ಕೈಯಲ್ಲಿತ್ತು. ಹೊಳೆವ್ವ ಕಣ್ಣು ತೆರೆದು ಯಾರೆಂದು ನೋಡಿ, ಒಣಗಿದ ತುಟಿಯನ್ನು ಬಿಗಿ ಹಿಡಿದು ಗೋಡೆಗೆ ಮುಖ ಮಾಡಿದಳು.

"ಅತ್ತಿ, ನಿಮ್ಮ ಕಾಲ ಬೀಳ್ತೀನಿ, ಕುಡೀರಿ! ಮೈ ಕೆಂಡ ಆಗೇತಿ!"

ಹೊಳೆವ್ವ ತಲೆ ಆಡಿಸಿದಳು. ಬೇಡ.

ಅನುಸೂಯಾ ತಂಬಿಗೆ ಅಲ್ಲೇ ಇಟ್ಟು ಓಣಿಗೆ ಓಡಿದಳು. ಗಂಗೂಬಾಯಿಯ ಮನೆಗೆ ಕೀಲಿ. ಆಚೆ ಮನೆಯವರು ಕಬ್ಬು ಕಡಿಯಲು ಹೋಗಿದ್ದರು. ರಸ್ತೆಯಲ್ಲಿ ಸ್ಟೀಲಿನ ಬಾಂಡೆ ಪಾತ್ರೆ ಮಾರುವವಳೊಬ್ಬಳು ಬುಟ್ಟಿ ಹೊತ್ತು ಬರುತ್ತಿದ್ದಳು. ಯಾವ ಊರವಳೋ, ಯಾರೋ. ಅವಳ ಕೈ ಹಿಡಿದು ಎಳೆದುಕೊಂಡೇ ಬಂದಳು.

"ನಮ್ಮ ಅತ್ತಿಗಿ ನೀರ ಕುಡಸವಾ. ನಿನ್ನ ಕೈಲೆ. ಕೊಡದಾಗ ಐತಿ, ನೀನ ತುಂಬಿಕೋ."

ಬಾಂಡೆಯವಳು ಬುಟ್ಟಿ ಇಳಿಸಿ, ನೀರು ತುಂಬಿ, ಮುದುಕಿಯ ತಲೆ ಎತ್ತಿ ಕುಡಿಸಿದಳು. ಹೊಳೆವ್ವ ಗಟಗಟನೆ ಕುಡಿದಳು. ನೀರು ಗದ್ದದ ಮೇಲಿಂದ ಇಳಿದು ಕುಪ್ಪಸ ತೊಯ್ದಿತು.

"ನೀ ಯಾರವಾ ಇವರಿಗಿ?" ಎಂದು ಹೋಗುವಾಗ ಬಾಂಡೆಯವಳು ಅನುಸೂಯಾಳನ್ನು ಕೇಳಿದಳು.

"ಸೊಸಿ."

"ಸೊಸಿ?" ಎಂದಳು ಅವಳು. ಬುಟ್ಟಿ ಹೊತ್ತು ನಡೆದಳು. ಅನುಸೂಯಾ ಬಾಗಿಲ ಕಂಬಕ್ಕೆ ಹಣೆ ಹಚ್ಚಿ ಅತ್ತಳು. ಹಾದಿಯಲ್ಲಿ ಹೋಗುವವಳ ಕೈಗೆ ಇರುವ ಯೋಗ್ಯತೆ ತನ್ನ ಕೈಗೆ ಇಲ್ಲವಾಯಿತಲ್ಲ! ಒಳಗೆ ಹೊಳೆವ್ವನೂ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು, ಅದು ಅನುಸೂಯಾಗೆ ಕಾಣಲಿಲ್ಲ.

ಸಂಜೆ ಸಿದರಾಯ ಸುದ್ದಿ ಕೇಳಿ ತಲೆಯ ರುಮಾಲು ಬಿಚ್ಚಿ ನೆಲಕ್ಕೆ ಒಗೆದ. ಆ ಮನುಷ್ಯನಿಗೆ ಸಿಟ್ಟು ಬಂದದ್ದನ್ನು ಯಾರೂ ನೋಡಿರಲಿಲ್ಲ.

"ಸಾಕ ಆತು ನನಗ! ಭಂಡಾರ ಎತ್ತಿದವರ ಕೂಡಿ ಇಳಸಬೇಕು. ಬೀರಪ್ಪನ ಗುಡ್ಯಾಗ ಇಬ್ಬರೂ ಒಂದ ತಾಟಿಗಿ ಕೈ ಹಾಕ್ರಿ, ಆಡಿದ ಮಾತ ತಿರುಗಿ ತಗೋರಿ, ಒಬ್ಬರ ಹಣಿಗಿ ಒಬ್ಬರು ಹಚ್ಚರಿ, ಒಬ್ಬರ ಕೈಲೆ ಒಬ್ಬರು ನೀರ ಕುಡೀರಿ. ನಮ್ಮ ಅಜ್ಜನ ಕಾಲದಿಂದ ಇದ ಹಾದಿ. ಬರೂ ರವಿವಾರ ಅಮಾಸಿ ಐತಿ, ಪೂಜಾರಿ ಇರ್ತಾನ."

ಗೋಡೆಯಾಚೆಯಿಂದ ಹೊಳೆವ್ವನ ದನಿ ಬಂತು. "ಆಕಿ ಬಂದ್ರ ನಾನೂ ಬರ್ತೀನಿ."

ನಾಲ್ಕು ವರ್ಷದಲ್ಲಿ ಹೊಳೆವ್ವ ಒಂದು ಹೆಜ್ಜೆ ಈಚೆ ಇಟ್ಟದ್ದು ಅದೇ ಮೊದಲು. ಆದರೆ ಹೊಳೆಯಲ್ಲಿ ಅನುಸೂಯಾಳ ದೀಕ್ಷಾಸ್ನಾನವೂ ಅದೇ ರವಿವಾರವಿತ್ತು.

ಗುರುವಾರ ಅವಳು ಶೆಡ್ಡಿಗೆ ಎಲ್ಲರಿಗಿಂತ ಮೊದಲೇ ಹೋದಳು. ಸಂದೇಶನಿಗೆ ಎಲ್ಲ ಹೇಳಿದಳು. ಹಗುರ ಮಾಡುವ ಮಾತು ಈ ಸಲ ಅವನ ಬಾಯಿಂದ ಬರಲಿಲ್ಲ.

"ಆಗಾಂಗಿಲ್ರಿ ಅಕ್ಕಾರ. ಮುಂಜಾನೆ ಆ ದೇವರ ಮುಂದ ಕೈ ಹಾಕಿ, ಮಧ್ಯಾಹ್ನ ಈ ನೀರಿಗಿ ಇಳಿಯಾಕ ಬರಾಂಗಿಲ್ಲ. ಉಳಿದವರಿಗಿ ನಾ ಏನ ಹೇಳ್ಲಿ? ಇದನ್ನ ಬಿಟ್ಟೀನಿ ಅಂತ ಹೇಳಿಯೇ ಅಲ್ಲಿ ಇಳಿಯೂದು."

"ಹೋಗಿ ಕೂಡ್ರಿ ಅಂತ ನೀವ ಹೇಳಿದ್ರಿ."

"ಹೇಳೀನಿ."

"ಕೂಡಾಕ ಬ್ಯಾರೆ ಹಾದಿ ಇದ್ರ ತೋರಿಸ್ರಿ, ಹೋಗ್ತೀನಿ. ಆಕಿ ನನ್ನ ಕಡಿಂದ ಬಂದ ನೀರ ಕುಡೀಲಾರದ ಒಣಗಾಕತ್ತಾಳ್ರಿ. ಆ ಗಂಟ ಕಟ್ಟಿದಾಕಿ ನಾನ."

ಸಂದೇಶನ ಕಣ್ಣು ತುಂಬಿದವು. "ನನಗ ಗೊತ್ತಾಗವಲ್ದು ಅಕ್ಕಾರ. ನಮ್ಮಪ್ಪ ಸಾಯಾಕ ಬಿದ್ದಾಗ ಗಂಧಾ ಹಚ್ಚಿಕೊಂಡ ಒಳಗ ಬಾ ಅಂದ. ನಾ ಹಚ್ಚಿಕೊಳ್ಳಲಿಲ್ಲ. ಬಾಗಿಲದಾಗ ನಿಂತೆ, ಹಂಗ ಹೋದ. ನಾ ಅದನ್ನ ತಪ್ಪು ಅನ್ನಾಂಗಿಲ್ಲ. ನಿಮಗೂ ಅದನ್ನ ಹೇಳಬೇಕಾಗೇತಿ. ಅಲ್ಲಿ ಹೋದ್ರ ಈ ರವಿವಾರ ನಿಮ್ಮನ್ನ ನೀರಿಗಿ ಇಳಸಾಕ ನನ್ನ ಕಡಿಂದ ಆಗಾಂಗಿಲ್ಲ."

ಅನುಸೂಯಾ ಕೈ ಮುಗಿದು ಎದ್ದಳು. ಎರಡು ವರ್ಷ ಕಾದ ಸ್ನಾನ. ಕೂಸು ಹೋದ ಮೇಲೆ ಬದುಕಬೇಕು ಅನ್ನಿಸಿದ್ದೇ ಆ ಶೆಡ್ಡಿನಲ್ಲಿ. ಶನಿವಾರದವರೆಗೂ ಅವಳು ಕಸ ಹೊಡೆಯುವಾಗ, ಹಾಲು ಹಿಂಡುವಾಗ ಯಾವ ಕಡೆ ಹೋಗಲಿ ಎಂದು ತನ್ನ ಯೇಸುವನ್ನು ಒಂದೇ ಮಾತು ಕೇಳಿದಳು. ಶನಿವಾರ ಸಂಜೆ ಮಾಳು ಊಟಕ್ಕೆ ಕೂತಾಗ, "ನಾಳೆ ಮುಂಜಾನೆ ಅತ್ತೀನ ಗುಡಿಗಿ ಹೆಂಗ ಒಯ್ಯೂದು?" ಎಂದಳು.

ಮಾಳು ಅವಳನ್ನು ನೋಡಿದ. "ನಾ ಹೊತ್ತಕೊಂಡ ಹೋಗ್ತೀನಿ," ಎಂದ.

ಹಾಗೆಯೇ ಹೊತ್ತ. ಪ್ಲಾಸ್ಟರಿನ ಕಾಲು ಜೋತಾಡುತ್ತ, ಹೊಳೆವ್ವ ಮಗನ ಬೆನ್ನ ಮೇಲೆ. ಹಿಂದೆ ಸಿದರಾಯ, ಅವನ ಹಿಂದೆ ತಲೆ ತಗ್ಗಿಸಿ ಅನುಸೂಯಾ. ಬೀರದೇವರ ಗುಡಿ ಚಿಕ್ಕದು, ಬೇವಿನ ಮರದ ಕೆಳಗೆ. ಪೂಜಾರಿ ತಾಟು ತುಂಬ ಭಂಡಾರ ಇಟ್ಟು, ಇಬ್ಬರನ್ನೂ ಎದುರುಬದುರು ಕೂರಿಸಿದ.

ಅನುಸೂಯಾ ಕೈ ಚಾಚುವ ಮುನ್ನ ಹೇಳಿದಳು, "ಪೂಜಾರ್ರಿ, ಸುಳ್ಳ ಹೇಳಾಂಗಿಲ್ಲ ನಾ. ನಾ ಈಗ ಯೇಸೂನ ನಂಬಿದಾಕಿ. ಇಲ್ಲಿ ಬೇಡಿಕೊಳ್ಳಾಕ ಬಂದಿಲ್ಲ. ನಾ ಕಟ್ಟಿದ್ದ ಗಂಟು, ನಮ್ಮ ಅತ್ತಿ ಸಲುವಾಗಿ ಬಿಚ್ಚಾಕ ಬಂದೀನಿ."

ಪೂಜಾರಿ ತಾಟನ್ನು ಹಿಂದಕ್ಕೆ ಎಳೆದುಕೊಂಡ. "ನಂಬಿಕಿ ಇಲ್ಲದ ಕೈಲೆ ಇದು ಹೆಂಗ ಇಳೀತೈತಿ? ನಡ್ಯಾಂಗಿಲ್ಲ."

"ಕಟ್ಟೂಮುಂದ ಆ ಕೈ ನಡೀತು," ಎಂದಳು ಹೊಳೆವ್ವ. "ಬಿಚ್ಚಾಕ ಯಾಕ ನಡ್ಯಾಂಗಿಲ್ಲ? ಹಚ್ಚಾಕಿ ನಾನ, ಹಚಗೊಳ್ಳಾಕಿ ನಾನ. ತಾಟ ಈ ಕಡೆ ತಾರೋ."

ಪೂಜಾರಿ ತಾಟನ್ನು ಮತ್ತೆ ಮುಂದೆ ಸರಿಸಿದ. ಇಬ್ಬರ ಕೈಯೂ ಒಂದೇ ತಾಟಿಗೆ ಇಳಿದವು. ಆಡಿದ ಮಾತು ತಿರುಗಿ ತಗೊಂಡೀನಿ ಎಂದು ಹೊಳೆವ್ವ ಹೇಳಿದಳು, ಅನುಸೂಯಾ ಹೇಳಿದಳು. ಹಣೆಗೆ ಹಚ್ಚಿದರು. ಆಮೇಲೆ ಅನುಸೂಯಾ ತಂಬಿಗೆ ಎತ್ತಿ ಅತ್ತೆಯ ಬೊಗಸೆಗೆ ನೀರು ಬಿಟ್ಟಳು. ಹೊಳೆವ್ವ ಕಣ್ಣು ಮುಚ್ಚಿ ಕುಡಿದಳು. ತಂಬಿಗೆ ತಾನು ಇಸಿದುಕೊಂಡು ಸೊಸೆಯ ಬೊಗಸೆಗೆ ಬಿಟ್ಟಳು. ಸಿದರಾಯ ಮರದ ಕಡೆ ತಿರುಗಿ ಮೂಗು ಒರೆಸಿಕೊಂಡ.

"ಹಣಿ ಮ್ಯಾಲಿಂದು ತಾವ ಒರಿಸಿಕೊಳ್ಳಬ್ಯಾಡ್ರಿ," ಎಂದ ಪೂಜಾರಿ. "ಹಚ್ಚಿದವರ ಕೈಲೇ ತೊಳೀಬೇಕು. ತಾನ ಒರಿಸಿಕೊಂಡ್ರ ಆಣಿ ತಿರುಗಿ ಏರತೈತಿ."

ಅವರನ್ನು ಮನೆಗೆ ಮುಟ್ಟಿಸಿ ಅನುಸೂಯಾ ಹೊಳೆಯ ಹಾದಿ ಹಿಡಿದಳು. ನೀರಿಗೆ ಇಳಿಸುವುದಿಲ್ಲ ಎಂದು ಅವಳಿಗೆ ಗೊತ್ತು. ಆದರೂ ಬರುತ್ತೇನೆ ಎಂದು ಮಾತು ಕೊಟ್ಟಿದ್ದಳು. ಹೋಗದೆ ಅಡಗಿಕೊಂಡು ಕೂರುವುದು ಅವಳಿಗೆ ಸರಿ ಕಾಣಲಿಲ್ಲ.

ದಂಡೆಯ ಮೇಲೆ ಎಲ್ಲರೂ ಸೇರಿದ್ದರು. ಸಂದೇಶ ಮೊಣಕಾಲುದ್ದ ನೀರಲ್ಲಿ ನಿಂತಿದ್ದ. ಅವಳ ಹಣೆಯ ಭಂಡಾರ ಕಂಡು ಎಲ್ಲರೂ ಹಾಡು ನಿಲ್ಲಿಸಿದರು. ಗಂಗೂಬಾಯಿ ಓಡಿ ಬಂದು ತನ್ನ ಸೆರಗಿನ ತುದಿ ತೋಯಿಸಿದಳು.

"ಹುಚ್ಚಿ, ಹಂಗ ಬಂದೀಯಲ್ಲ! ಒರಿಸಿಕೋ ಲಗೂನ. ಮನ್ಯಾಗ ಕುಂತಾಕೀಗಿ ಏನ ಗೊತ್ತಾಗತೈತಿ?"

"ನನಗ ಗೊತ್ತಾಗತೈತಲ್ಲ ಗಂಗವ್ವ. ಸಂಜೀಕ ಆಕಿ ಕೇಳ್ತಾಳ. ಒರಿಸಿಕೊಂಡೀನಿ ಅಂದ್ರ ನಾಳೆ ಮತ್ತ ನೀರ ಕುಡಿಯಾಂಗಿಲ್ಲ. ಇಲ್ಲ ಅಂದ್ರ ಸುಳ್ಳ ಆಗತೈತಿ." ಅವಳು ಸಂದೇಶನ ಕಡೆ ತಿರುಗಿದಳು. "ಕೂಡಿ ಬಂದೀನ್ರಿ ಪಾಸ್ಟರ್ರ. ಇಷ್ಟ ಹೇಳಾಕ ಬಂದಿದ್ದೆ."

ಸಂದೇಶ ನೀರಿನಿಂದ ಮೇಲೆ ಬಂದ. ಪ್ಯಾಂಟಿನಿಂದ ನೀರು ಸೋರುತ್ತಿತ್ತು. ಉಳಿದವರ ಕಡೆ ನೋಡಿದ, ಮತ್ತೆ ಅವಳ ಹಣೆಯ ಕಡೆ ನೋಡಿದ. "ಇವತ್ತ ಆಗಾಂಗಿಲ್ಲ ಅಕ್ಕಾರ," ಎಂದ. "ಗುರುವಾರ ಮನಿಗಿ ಬರ್ತೀನಿ. ನಿಮ್ಮ ಅತ್ತೀನ ನೋಡಬೇಕ ನಾನು."

ಉಳಿದವರು ಒಬ್ಬೊಬ್ಬರಾಗಿ ಮುಳುಗಿ ಏಳುವವರೆಗೂ ಅವಳು ದಂಡೆಯ ಕಲ್ಲಿನ ಮೇಲೆ ಕುಳಿತಿದ್ದಳು. ಪ್ರತಿಯೊಬ್ಬರನ್ನೂ ಮೊದಲು ಹೆಸರು ಹಿಡಿದು ಕರೆಯುತ್ತಿದ್ದ ಸಂದೇಶ. ಕಣ್ಣೀರು ತಾನಾಗಿ ಇಳಿಯುತ್ತಿತ್ತು. ಅದನ್ನೂ ಅವಳು ಹಣೆ ಮುಟ್ಟದ ಹಾಗೆ ಹುಷಾರಾಗಿ ಒರೆಸಿಕೊಂಡಳು.

ಮನೆಗೆ ಬಂದಾಗ ಹೊಳೆವ್ವ ಬಾಗಿಲಲ್ಲೇ ಹೊರಸಿನ ಮೇಲಿದ್ದಳು. ಸೊಸೆಯ ಒಣ ಕೂದಲು ನೋಡಿದಳು, ಒಣ ಸೀರೆ ನೋಡಿದಳು. ನಾಯಿ ಕಾಲ ಬುಡದಲ್ಲೇ ಇತ್ತು, ಅದನ್ನು ಕರೆಯಲಿಲ್ಲ.

"ಮುಳುಗಸ್ಲಿಲ್ಲೇನ?"

"ಇಲ್ರಿ."

"ಇದರ ಸಲುವಾಗಿ?" ಹೊಳೆವ್ವ ತನ್ನ ಹಣೆ ಮುಟ್ಟಿ ತೋರಿಸಿದಳು.

ಅನುಸೂಯಾ ಹೊಸ್ತಿಲ ಬಳಿ ಚಪ್ಪಲಿ ಬಿಟ್ಟಳು.

"ಹೊಳಿ ದಂಡಿಮ್ಯಾಲ ನಿಂತಿದ್ದಿ. ಒರಿಸಿಕೊಂಡಿದ್ರ ನನಗೇನ ಗೊತ್ತಾಗತಿತ್ತ?"

"ನಿಮಗ ಗೊತ್ತಾಗ್ತಿರಲಿಲ್ರಿ ಅತ್ತಿ."

ಹೊಳೆವ್ವ ಒಳ್ಳೆಯ ಕಾಲನ್ನು ಹೊರಸಿನಿಂದ ಕೆಳಗಿಳಿಸಿದಳು. ಆಮೇಲೆ, "ನನ್ನ ಹಿಡ್ಕೊ," ಎಂದಳು. ಸೊಸೆಯ ಹೆಗಲಿಗೆ ಕೈ ಹಾಕಿ, ಒಂಟಿ ಕಾಲಲ್ಲಿ ಕುಪ್ಪಳಿಸುತ್ತ ಬಚ್ಚಲಿಗೆ ಬಂದಳು. ಗೋಡೆಗೆ ಒರಗಿ ಕಲ್ಲಿನ ಮೇಲೆ ಕುಳಿತಳು. ಅನುಸೂಯಾಳನ್ನು ಎದುರಿಗೆ ಕೂರಿಸಿಕೊಂಡಳು. ಹಂಡೆಯಲ್ಲಿ ಮುಂಜಾನೆಯ ನೀರು ಇನ್ನೂ ಬೆಚ್ಚಗಿತ್ತು. ಚರಿಗೆ ಅದ್ದಿ, ಮೊದಲು ಅವಳ ಎರಡೂ ಅಂಗೈಗಳನ್ನು ಹಿಡಿದು ತೊಳೆದಳು.

"ಈ ಕೈಗಿ ನಾ ಏನೇನರ ಅಂದೆ," ಎಂದಳು. "ಹೊಟ್ಟಿ ಉರೀತಿತ್ತ ನನಗ. ಕೂಸು ನಂದೂ ಆಗಿತ್ತಲ್ಲ. ಸಪನಾ ನಂದೂ ಆಗಿದ್ಲು."

ಅನುಸೂಯಾ ಅತ್ತೆಯ ಮೊಣಕಾಲ ಮೇಲೆ ಮುಖ ಇಟ್ಟು ಬಿಕ್ಕಿದಳು. ಪ್ಲಾಸ್ಟರು ತೋಯುತ್ತದೆಂಬ ಎಚ್ಚರ ಇಬ್ಬರಿಗೂ ಇರಲಿಲ್ಲ. ಹೊಳೆವ್ವ ಅವಳ ಗದ್ದ ಹಿಡಿದು ಮುಖ ಎತ್ತಿದಳು, ಇನ್ನೊಂದು ಚರಿಗೆ ತುಂಬಿದಳು.

"ನಿಮ್ಮ ಪಾಸ್ಟರ ನೀರಾಗ ಮುಳುಗಸೂಮುಂದ ಏನ ಅಂತಾನ?"

"ಹೆಸರ ಹಿಡದ ಕರೀತಾರ್ರಿ ಮೊದಲ. ಆಮ್ಯಾಲ ದೇವರ ಹೆಸರ ಹೇಳ್ತಾರ."

"ನಿನ್ನ ದೇವರ ಹೆಸರ ನನ್ನ ನಾಲಿಗಿಗಿ ಬರಾಂಗಿಲ್ಲವ್ವ," ಎಂದಳು ಹೊಳೆವ್ವ. "ಅದನ್ನ ನೀನ ಹೇಳ್ಕೋ."

ಅವಳು ಚರಿಗೆಯನ್ನು ಸೊಸೆಯ ನೆತ್ತಿಯ ಮೇಲೆ ಎತ್ತಿದಳು.

"ಅನುಸೂಯಾ," ಎಂದು ಕರೆದು ನೀರು ಸುರಿದಳು.